ಎಂಟು ಕೌದಿ ಶುರುವಾಗಿವೆ, ಒಂದೂ ಮುಗಿದಿಲ್ಲ. ಏನು ಮಾಡಲಿ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿದ್ದೇನೆ. ಕೆಲವು ವರ್ಷಗಳಿಂದ ತೇಪೆ ಕೌದಿ, ಕ್ವಿಲ್ಟ್ ಹೊಲಿಯುತ್ತಿದ್ದೇನೆ. ಬೀರುವಿನಲ್ಲಿ ಈಗ ಎಂಟು ಅರ್ಧಂಬರ್ಧ ಕೆಲಸಗಳಿವೆ. ಮೂರರಲ್ಲಿ ಮೇಲ್ಪದರ ಮಾತ್ರ ಆಗಿದೆ, ದೊಡ್ಡದು 60×80 ಇಂಚು. ಒಂದಕ್ಕೆ ಪಿನ್ ಹಾಕಿ, ಕಾಲುಭಾಗ ಮಷಿನ್ ಹೊಲಿಗೆ ಹಾಕಿ, ಕಳೆದ ಮಳೆಗಾಲದಿಂದ ಹಾಗೇ ಮಡಚಿಟ್ಟಿದ್ದೇನೆ. ಹಳೇ ಸೀರೆಗಳ ಒಂದು ಕೌದಿ ಕೈಹೊಲಿಗೆಯಲ್ಲಿ ಅರ್ಧ ಆಗಿದೆ. ಎರಡು ಚೀಲದ ತುಂಬ ತೇಪೆ ಜೋಡಿಸಿ ಹೊಲಿದ ಚೌಕಗಳಿವೆ, ಅಳತೆ ಒಂದೊಂದೂ ಒಂದೊಂದು ಥರ. ಒಂದಕ್ಕೆ ಅಂಚುಪಟ್ಟಿ ಮಾತ್ರ ಬಾಕಿ. ಹೀಗಿದ್ದರೂ ಅಂಗಡಿಯಲ್ಲಿ ಚೆಂದದ ಕಾಟನ್ ಕಂಡರೆ ಹೊಸದು ಶುರು ಮಾಡಿಬಿಡುತ್ತೇನೆ. ಮನೆ ಚಿಕ್ಕದು, ಹಾಲ್ 10×12 ಅಡಿ. ಇವನ್ನೆಲ್ಲ ಮುಗಿಸುವುದು ಹೇಗೆ?

ಉತ್ತರ: ನೀವು ಕೊಟ್ಟ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ಬಟ್ಟೆ ಆರಿಸುವಾಗ, ಬಣ್ಣ ಹೊಂದಿಸುವಾಗ ನಿಂತ ಕೆಲಸ ಅದರಲ್ಲಿ ಒಂದೂ ಇಲ್ಲ. ಹೆಚ್ಚಿನವು ನಿಂತಿರುವುದು ಒಂದು ಹಂತ ಮುಗಿದು ಇನ್ನೊಂದಕ್ಕೆ ದಾಟಬೇಕಾದ ಕಡೆ. ಅಲ್ಲಿ ಒಮ್ಮೆಗೇ ಹೊಸ ಸಾಮಾನು ಬೇಕಾಗುತ್ತದೆ, ಜಾಗ ಬೇಕಾಗುತ್ತದೆ, ಲೆಕ್ಕ ಹಾಕಬೇಕಾಗುತ್ತದೆ, ಮಷಿನ್‌ನ ಸೂಜಿ ಬದಲಿಸಬೇಕಾಗುತ್ತದೆ. ಹೊಸ ಕೆಲಸ ಶುರು ಮಾಡಲು ಇದ್ಯಾವುದೂ ಬೇಡ, ಕತ್ತರಿ ಇದ್ದರೆ ಆಯಿತು. ಆದ್ದರಿಂದ ನಿಮ್ಮನ್ನು ಸೋಮಾರಿ ಎಂದುಕೊಳ್ಳಬೇಡಿ. ಪ್ರತಿಯೊಂದೂ ಯಾವ ದಾಟಿನಲ್ಲಿ ಸಿಕ್ಕಿಕೊಂಡಿದೆ ಎಂದು ಗುರುತಿಸಿ, ಅಲ್ಲಿ ಬೇಕಾದ್ದನ್ನು ಮಾತ್ರ ಒದಗಿಸಿ.

ಧಾರವಾಡ, ಬೆಳಗಾವಿ ಕಡೆಯ ಕೌದಿ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇವುಗಳಲ್ಲಿ ಈ ತೊಡಕು ಕಡಿಮೆ. ಸಿದ್ದಿ ಹೆಂಗಸರು ಕೆಳಗೆ ಸೀರೆ ಹಾಸಿಕೊಂಡು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಸುತ್ತ ಒಂದೊಂದೇ ತೇಪೆ ಇಟ್ಟು, ಇಟ್ಟ ತೇಪೆಯನ್ನು ಅಲ್ಲೇ ರನ್ನಿಂಗ್ ಹೊಲಿಗೆಯಿಂದ ಎಲ್ಲ ಪದರಕ್ಕೂ ಸೇರಿಸುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ತೇಪೆ ಜೋಡಿಸುವುದು, ಪದರ ಕೂಡಿಸುವುದು, ಹೊಲಿಯುವುದು ಮೂರೂ ಒಂದೇ ಕೆಲಸವಾಗಿ ಸಾಗುತ್ತವೆ. ಅಮೆರಿಕದ ಪದ್ಧತಿಯ ಕ್ವಿಲ್ಟ್‌ನಲ್ಲಿ ಮೂರೂ ಬೇರೆ ಬೇರೆ. ಮೇಲ್ಪದರ ಮುಗಿದಾಗ ಕೆಲಸವೇ ಮುಗಿಯಿತು ಎನ್ನುವ ಸಂತೋಷ ಬಂದುಬಿಡುತ್ತದೆ, ಆಗಿರುವುದು ಅರ್ಧ ಮಾತ್ರ. ಮುಂದೆ ಹೊಸದೊಂದನ್ನು ಹೊಲಿಯುವಾಗ ಕವಂದಿಯ ದಾರಿಯನ್ನು ನೆನಪಿಡಿ, ಚಿಕ್ಕ ಮನೆಗೆ ಅದು ಚೆನ್ನಾಗಿ ಹೊಂದುತ್ತದೆ.

ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಎಂಟನ್ನೂ ಹೊರಗೆ ತೆಗೆಯಿರಿ. ಹೊಲಿಯಲು ಕೂರಬೇಡಿ. ಪ್ರತಿಯೊಂದನ್ನೂ ಬಿಡಿಸಿ, ಟೇಪ್ ಹಿಡಿದು ಅಳೆದು, ಒಂದು ಚೀಟಿ ಬರೆದು ಅದಕ್ಕೇ ಚುಚ್ಚಿ. ಚೀಟಿಯಲ್ಲಿ ಅಳತೆ, ಏನು ಸಾಲದು, ಎಷ್ಟು ಮೀಟರ್ ಬೇಕು, ಯಾವ ಸೂಜಿ, ಮುಂದಿನ ಒಂದೇ ಒಂದು ಕೆಲಸ ಯಾವುದು ಎಂದಿರಲಿ. ‘ಮುಗಿಸಬೇಕು’ ಎಂದು ಬರೆದ ಚೀಟಿ ಕೆಲಸಕ್ಕೆ ಬಾರದು. ‘ಹಸಿರು ಪಾಪ್ಲಿನ್ 60 ಸೆಂ.ಮೀ. ತರುವುದು, 8 ಪಟ್ಟಿ ಕತ್ತರಿಸುವುದು’ ಎಂದು ಬರೆದರೆ ಮಾರನೇ ದಿನ ಮಾರ್ಕೆಟ್ ರಸ್ತೆಗೆ ಹೋದಾಗ ಕೈ ತಾನಾಗಿ ಅದನ್ನು ತರುತ್ತದೆ. ಚೀಟಿಯ ಜತೆಗೆ ಅದೇ ಕೆಲಸದ ನೂಲು, ಉಳಿದ ಬಟ್ಟೆಯ ಚೂರು, ಕಾಗದದ ಅಚ್ಚು ಎಲ್ಲವನ್ನೂ ಒಂದು ಹಳೆ ದಿಂಬಿನ ಕವರಿಗೆ ತುಂಬಿಡಿ. ನೂಲು ಹುಡುಕುವುದಕ್ಕೇ ಅರ್ಧ ಗಂಟೆ ಹೋದರೆ ಆ ದಿನದ ಹೊಲಿಗೆ ಅಲ್ಲಿಗೇ ನಿಲ್ಲುತ್ತದೆ.

ಅಂಚುಪಟ್ಟಿ ಬಾಕಿ ಇರುವುದು

ಇದನ್ನು ಈ ವಾರವೇ ಮುಗಿಸಿ. ತುಂಬ ಇಷ್ಟವಾದುದನ್ನೇ ಮೊದಲು ಹಿಡಿಯಬೇಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ದಡಕ್ಕೆ ಹತ್ತಿರ ಇರುವುದನ್ನು ಮೊದಲು ಎಳೆದುಕೊಂಡರೆ ಬೀರುವಿನಲ್ಲಿ ಜಾಗವೂ ಆಗುತ್ತದೆ, ಹೊದೆಯಲು ಒಂದು ಕೌದಿಯೂ ಸಿಗುತ್ತದೆ.

ಲೆಕ್ಕ ಹೀಗೆ. ನಾಲ್ಕೂ ಬದಿ ಕೂಡಿಸಿ, 12 ಇಂಚು ಸೇರಿಸಿ. 44 ಇಂಚು ಪನ್ನದ ಬಟ್ಟೆಯಲ್ಲಿ ಅಂಚು ತೆಗೆದರೆ 42 ಇಂಚು ಸಿಗುತ್ತದೆ, ಓರೆ ಜೋಡಣೆಯಲ್ಲಿ ಪಟ್ಟಿಗೆ ಎರಡೂವರೆ ಇಂಚು ಹೋಗುತ್ತದೆ. ಅಂದರೆ ಒಂದು ಪಟ್ಟಿಗೆ 39½ ಇಂಚು ಎಂದಿಟ್ಟುಕೊಳ್ಳಿ. 60×80ರ ಕೌದಿಗೆ 280 ಮತ್ತು 12, ಒಟ್ಟು 292 ಇಂಚು, ಎಂಟು ಪಟ್ಟಿ. ಎರಡೂವರೆ ಇಂಚು ಅಗಲದ ಎಂಟು ಪಟ್ಟಿಗೆ 20 ಇಂಚು ಬಟ್ಟೆ ಬೇಕು, 60 ಸೆಂ.ಮೀ. ತನ್ನಿ. 45×60ರದ್ದಾದರೆ ಆರು ಪಟ್ಟಿ, ಅರ್ಧ ಮೀಟರ್ ಸಾಕು. ನೇರ ಅಂಚಿಗೆ ಓರೆ ಕತ್ತರಿಸಿದ ಬಟ್ಟೆ ಬೇಕಿಲ್ಲ, ಅಡ್ಡ ಪನ್ನದಲ್ಲೇ ಕತ್ತರಿಸಿ. ಮೂಲೆ ದುಂಡಗಿದ್ದರೆ ಮಾತ್ರ ಓರೆ ಪಟ್ಟಿ ಬೇಕು. ಅಂಗಡಿಯ ರೆಡಿಮೇಡ್ ಪೈಪಿಂಗ್ ಪಟ್ಟಿ ಬೇಡ. ಅದು ಒಂದೇ ಪದರದ್ದು, ಹೊದೆಯುವ ಕೌದಿಯ ಅಂಚು ಸವೆಯುವಷ್ಟು ಬೇರೆ ಯಾವ ಭಾಗವೂ ಸವೆಯುವುದಿಲ್ಲ.

ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ. ಕೈಹೊಲಿಗೆಯ ಹೆಮ್ಮಿಂಗ್ ಎಂದರೆ ಬೇಸರ ಅನ್ನಿಸಿ ಅದನ್ನು ನಿಲ್ಲಿಸಿದ್ದರೆ, ಪಟ್ಟಿಯನ್ನು ಮೊದಲು ಕೌದಿಯ ಹಿಂಬದಿಗೆ ಕಾಲು ಇಂಚಿನಲ್ಲಿ ಹೊಲಿದು, ಮುಂದಕ್ಕೆ ಮಡಚಿ, ಮುಂದಿನಿಂದ ಮಷಿನ್‌ನಲ್ಲೇ ಅಂಚಿಗೆ ಹೊಲಿಗೆ ಹಾಕಿಬಿಡಿ. ಶುರುವಿನಲ್ಲಿ 10 ಇಂಚು ಬಾಲ ಬಿಡಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ನೂಲು ಕತ್ತರಿಸಿ, ಪಟ್ಟಿಯನ್ನು ಮೇಲಕ್ಕೆ 45 ಡಿಗ್ರಿ ಮಡಚಿ, ಮತ್ತೆ ಕೆಳಕ್ಕೆ ಮಡಚಿ ಮುಂದಿನ ಬದಿ ಶುರು ಮಾಡಿ. ಕೊನೆಯಲ್ಲಿ ಎರಡು ತುದಿ ಒಂದರ ಮೇಲೊಂದು ಬರುವಷ್ಟು ಉದ್ದ ಪಟ್ಟಿಯ ಅಗಲಕ್ಕೆ ಸಮ, ಅಂದರೆ ಎರಡೂವರೆ ಇಂಚು, ಉಳಿಸಿ ಕತ್ತರಿಸಿದರೆ ಜೋಡಣೆ ಸರಿಯಾಗಿ ಕೂರುತ್ತದೆ. ಪಟ್ಟಿ ಹೊಲಿಯುವಾಗ ಎಳೆಯಬೇಡಿ. ಎಳೆದ ಪಟ್ಟಿ ಆಮೇಲೆ ಕುಗ್ಗಿ ಕೌದಿಯ ಅಂಚನ್ನು ದೋಣಿಯಂತೆ ಬಾಗಿಸುತ್ತದೆ.

ಮೂರು ಮೇಲ್ಪದರಗಳು

ನಿಜವಾದ ಗಂಟು ಇರುವುದು ಇಲ್ಲಿ. ಅಸ್ತರು ಇಲ್ಲ, ಒಳಗೆ ತುಂಬುವುದು ಏನು ಎಂದು ನಿರ್ಧಾರವಾಗಿಲ್ಲ, ಹಾಸಲು ಜಾಗವಿಲ್ಲ. ಒಂದೊಂದಾಗಿ ನೋಡೋಣ.

ಅಸ್ತರು ಮೇಲ್ಪದರಕ್ಕಿಂತ ನಾಲ್ಕೂ ಕಡೆ 3 ಇಂಚು ದೊಡ್ಡದಿರಬೇಕು, ಏಕೆಂದರೆ ಹೊಲಿಯುತ್ತಾ ಹೋದಂತೆ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. 60×80ಕ್ಕೆ 66×86 ಇಂಚು. ಅಂಗಡಿ ಬಟ್ಟೆಯಾದರೆ 86 ಇಂಚಿನ ಎರಡು ಉದ್ದ, ಒಟ್ಟು ನಾಲ್ಕೂವರೆ ಮೀಟರ್. ಆದರೆ ಹಳೆಯ ಕಾಟನ್ ಸೀರೆಯೊಂದು ಇದ್ದರೆ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಐದೂವರೆ ಮೀಟರ್ ಸೀರೆ ಎಂದರೆ 216 ಇಂಚು. 86ರ ಎರಡು ತುಂಡು ತೆಗೆದರೂ 44 ಇಂಚು ಉಳಿಯುತ್ತದೆ. ಅಗಲಕ್ಕೆ ಎರಡನ್ನೂ ಜೋಡಿಸಿದರೆ 20 ಇಂಚಿಗೂ ಹೆಚ್ಚು ಮಿಗುವುದರಿಂದ ಸವೆದ ಭಾಗವನ್ನು ಧಾರಾಳವಾಗಿ ತೆಗೆದುಹಾಕಬಹುದು. ಮೊದಲು ಫಾಲ್ ಬಿಚ್ಚಿ. ನೆರಿಗೆಯ ಕೆಳಗಿನ ಅಂಚು ಮತ್ತು ಕೂತು ಕೂತು ಸವೆದ ಹಿಂಭಾಗ ಮೊದಲು ತೆಳುವಾಗುತ್ತವೆ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನಿಂದ ಒತ್ತಿ ಎಳೆಯಿರಿ. ಪರ್ ಎಂದು ಎಳೆ ಬಿಟ್ಟರೆ ಆ ಭಾಗ ಒಳಪದರಕ್ಕೂ ಬೇಡ. ಒಳಕ್ಕೆ ಸಿಕ್ಕಿಸುವ ತುದಿ ಮತ್ತು ಸೆರಗಿನ ಹತ್ತಿರದ ಬಟ್ಟೆ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಜೋಡಣೆಗೆ ಅರ್ಧ ಇಂಚು ಬಿಟ್ಟು ಹೊಲಿದು, ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ.

ಒಳಗೆ ಏನು ಹಾಕಬೇಕು ಎನ್ನುವುದನ್ನು ಮಲೆನಾಡಿನ ಮಳೆಯೇ ತೀರ್ಮಾನಿಸುತ್ತದೆ. ದಪ್ಪ ಹತ್ತಿ ಹಾಕಿದ ಕೌದಿ ಆರಿದ್ರಾ, ಪುನರ್ವಸು ಮಳೆಯಲ್ಲಿ ಒಮ್ಮೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಒಳಗೇ ಬೂಷ್ಟು ಹಿಡಿಯುತ್ತದೆ. ಹಾಸಿಗೆ ಹೊಲಿಯುವವರ ಹತ್ತಿರ ಬಿಡಿಸಿದ ಹತ್ತಿ ತಂದು ತುಂಬಿದರೆ ಹೊಲಿಗೆಯ ಗೆರೆಗಳು 2 ಇಂಚಿಗಿಂತ ದೂರ ಇರಕೂಡದು, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಗಂಟುಗಂಟಾಗುತ್ತದೆ. ಬೂರುಗದ ಹತ್ತಿ ದಿಂಬಿಗೆ ಸರಿ, ಕೌದಿಗೆ ಬೇಡ. ಅದರ ಎಳೆ ನುಣುಪು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರದಂಥ ಊರಿಗೆ ನನ್ನ ಆಯ್ಕೆ ಎರಡು: ಮೆತ್ತಗಾದ ಹಳೆ ಕಾಟನ್ ಬೆಡ್‌ಶೀಟ್ ಒಂದು ಅಥವಾ ಎರಡು ಪದರ, ಇಲ್ಲವೇ 150 ಜಿಎಸ್‌ಎಮ್‌ನ ಪಾಲಿಯೆಸ್ಟರ್ ವ್ಯಾಡಿಂಗ್ (ಒಳಗೆ ತುಂಬುವ ಹಾಳೆಯಂಥ ಪದರ, 150 ಎಂದರೆ ಚದರ ಮೀಟರಿಗೆ 150 ಗ್ರಾಂ ತೂಕ). 60×80 ಇಂಚಿಗೆ 150 ಜಿಎಸ್‌ಎಮ್ ವ್ಯಾಡಿಂಗ್ ತೂಗುವುದು ಸುಮಾರು 465 ಗ್ರಾಂ, 200ರದ್ದು 620 ಗ್ರಾಂ. ಡಿಸೆಂಬರ್ ಚಳಿಗೆ 200 ಹಿತ, ಆದರೆ ಮನೆ ಮಷಿನ್ನಿಗೆ 150 ಸುಲಭ. ಒಳಗೆ ಕಂಬಳಿ ಹಾಕಬೇಡಿ. ಉಣ್ಣೆ ಒಗೆದಾಗ ಕುಗ್ಗುತ್ತದೆ, ಮೇಲಿನ ಹತ್ತಿ ಬಟ್ಟೆ ಅಷ್ಟು ಕುಗ್ಗುವುದಿಲ್ಲ, ಕೌದಿ ಪೂರ್ತಿ ಉಬ್ಬುತಗ್ಗಾಗುತ್ತದೆ.

ಇನ್ನು ಜಾಗ. ಮೂರು ಪದರ ಹಾಸಿ ಕೂಡಿಸುವ ಕೆಲಸವನ್ನು ಫೆಬ್ರವರಿಯಿಂದ ಮೇ ಒಳಗೆ ಮಾಡಿಕೊಳ್ಳಿ. ಬಿಸಿಲಿದೆ, ಬಟ್ಟೆ ಗರಿಗರಿ ಒಣಗಿರುತ್ತದೆ. ನೆಂಟರ ಪೈಕಿ ಯಾರದಾದರೂ ಕಾಫಿ ತೋಟವಿದ್ದರೆ, ಕೊಯ್ಲು ಮುಗಿದು ಖಾಲಿಯಾದ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಕಣವನ್ನು ಗುಡಿಸಿ, ಟಾರ್ಪಾಲ್ ಹಾಸಿ, ಅದರ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಅಸ್ತರನ್ನು ಕೆಳಮುಖವಾಗಿ ಹರಡಿ. ಬೆಳಗ್ಗೆಯೇ ಶುರು ಮಾಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಂದರೆ ಮಧ್ಯಾಹ್ನದ ಮೇಲೆಯೇ ಹೆಚ್ಚು, ಗಾಳಿಯೂ ಆಗ ಏಳುತ್ತದೆ. ನಾಲ್ಕು ಬದಿಗೂ ಇಟ್ಟಿಗೆ ಅಥವಾ ಅಗಲ ಟೇಪ್ ಇಟ್ಟು ಅಸ್ತರು ಬಿಗಿಯಾಗಿರಲಿ, ಆದರೆ ರಬ್ಬರಿನಂತೆ ಹಿಗ್ಗಿಸಬಾರದು. ಹಿಂಬದಿಯಲ್ಲಿ ಸುಕ್ಕು ಬೀಳುವುದಕ್ಕೆ ಹತ್ತರಲ್ಲಿ ಒಂಬತ್ತು ಬಾರಿ ಸಡಿಲ ಅಸ್ತರೇ ಕಾರಣ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಜುಲೈನಲ್ಲೂ ಒಣಹವೆ ಸಿಗುವ ದಿನಗಳಿವೆ. ನಿಮ್ಮಲ್ಲಿ ಹಾಗಿಲ್ಲ.

ಕಣ ಸಿಗದಿದ್ದರೆ 5 ಅಡಿ ಉದ್ದದ ಊಟದ ಟೇಬಲ್ ಮತ್ತು 6 ಅಡಿಯ ಎರಡು ಪಿವಿಸಿ ಪೈಪ್ ಸಾಕು. ಒಂದು ಪೈಪಿಗೆ ಅಸ್ತರನ್ನು ಸುತ್ತಿ, ಟೇಬಲ್ ಮೇಲೆ ಬಿಚ್ಚಿದಾಗ ಒಳಮೈ ಮೇಲಿರುವಂತೆ ನೋಡಿಕೊಳ್ಳಿ. ಇನ್ನೊಂದಕ್ಕೆ ಮೇಲ್ಪದರ ಸುತ್ತಿ, ಬಿಚ್ಚಿದಾಗ ಹೊರಮೈ ಮೇಲಿರಲಿ. ಟೇಬಲ್ ತುಂಬುವಷ್ಟು ಅಸ್ತರು ಬಿಚ್ಚಿ, ಮೇಲೆ ಒಳಪದರ ಹರಡಿ, ಅದರ ಮೇಲೆ ಮೇಲ್ಪದರ ಬಿಚ್ಚಿ, ಅಷ್ಟು ಭಾಗವನ್ನು ಕೂಡಿಸಿ, ಮುಂದಕ್ಕೆ ಎಳೆದುಕೊಂಡು ಮತ್ತೆ ಬಿಚ್ಚಿ. ನೆಲಕ್ಕೆ ಬಾಗಬೇಕಾಗಿಲ್ಲ, ಮಂಡಿ ನೋವಿರುವವರಿಗೆ ಇದೇ ದಾರಿ. ಪೈಪಿನ ಬದಲು ಅಡಿಕೆ ದಬ್ಬೆ ಬಳಸಬೇಡಿ, ಸಿಬಿರು ಬಟ್ಟೆಯ ಎಳೆ ಎಳೆಯುತ್ತದೆ.

ಪಿನ್ನೋ ನೂಲೋ? 4 ಇಂಚಿಗೊಂದು ಸೇಫ್ಟಿ ಪಿನ್ ಎಂದರೆ 60×80ಕ್ಕೆ 15 ಸಾಲಿಗೆ 20, ಒಟ್ಟು 300 ಪಿನ್. ಒಂದೆರಡು ವಾರದಲ್ಲಿ ಮಷಿನ್ ಹೊಲಿಗೆ ಮುಗಿಸುವ ಖಾತ್ರಿ ಇದ್ದರೆ ಪಿನ್ ಬೇಗ ಆಗುತ್ತದೆ. ಮಳೆಗಾಲ ದಾಟಬಹುದು ಎಂಬ ಅನುಮಾನವಿದ್ದರೆ ಪಿನ್ ಮುಟ್ಟಬೇಡಿ, ನೂಲಿನ ಕಚ್ಚಾ ಹೊಲಿಗೆ ಹಾಕಿ. 4 ಇಂಚಿಗೊಂದು ಗೆರೆ, ಒಂದೂವರೆಯಿಂದ ಎರಡು ಇಂಚಿನ ದೊಡ್ಡ ಹೊಲಿಗೆ, ಒಟ್ಟು ಸುಮಾರು 30 ಮೀಟರ್ ನೂಲು. ಕಾಂಟ್ರಾಸ್ಟ್ ಬಣ್ಣದ ನೂಲು ಬಳಸಬಹುದು, ಆದರೆ ಗಾಢ ಕೆಂಪು, ಕಪ್ಪು ನೂಲು ತಿಳಿ ಬಟ್ಟೆಯ ಮೇಲೆ ಬಣ್ಣ ಬಿಡಬಹುದು. ಗಂಜಿ ಹಾಕಿ ಅಂಟಿಸುವ ಉಪಾಯವನ್ನು ಒಣಸೀಮೆಯವರಿಗೆ ಬಿಡಿ, ನಮ್ಮಲ್ಲಿ ಗಂಜಿ ಇರುವ ಬಟ್ಟೆಗೆ ಬೂಷ್ಟು ಬೇಗ ಬರುತ್ತದೆ, ಬೆಳ್ಳಿಹುಳವೂ ಬರುತ್ತದೆ.

ಪದರ ಕೂಡಿದ ಮೇಲೆ ಯಾವ ವಿನ್ಯಾಸದಲ್ಲಿ ಹೊಲಿಯಲಿ ಎಂದು ಯೋಚಿಸುತ್ತ ತಿಂಗಳು ಕಳೆಯಬೇಡಿ. ಮೂರು ಇಂಚಿಗೊಂದು ನೇರ ಗೆರೆ, ಅಷ್ಟೇ. ತೇಪೆಯ ಬಣ್ಣವೇ ಮಾತಾಡುವ ಕೌದಿಗೆ ಅದಕ್ಕಿಂತ ಹೆಚ್ಚು ಬೇಡ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಪಕ್ಕ ಹೊಲಿದರೆ ಗೆರೆ ಹಾಕುವ ಕೆಲಸವೂ ಇಲ್ಲ. ಟೇಪನ್ನು ಅದೇ ದಿನ ಕಿತ್ತುಬಿಡಿ, ಬಿಸಿಗೆ ಅಂಟು ಬಟ್ಟೆಯಲ್ಲೇ ಉಳಿಯುತ್ತದೆ. ಮಷಿನ್ನಿಗೆ ವಾಕಿಂಗ್ ಫೂಟ್ ಹಾಕಿ, ಪದರಗಳನ್ನೆಲ್ಲ ಒಂದೇ ಸಮ ಮುಂದಕ್ಕೆ ಎಳೆಯುವ ಫೂಟ್ ಅದು. ಕೊಳ್ಳುವ ಮುಂಚೆ ನಿಮ್ಮ ಮಷಿನ್‌ನ ಫೂಟ್ ಬಿಚ್ಚಿ ಅಂಗಡಿಗೆ ಒಯ್ದು ಎತ್ತರ ಹೋಲಿಸಿ ನೋಡಿ. ಸೂಜಿ 14ನೇ ನಂಬರು, ಸೀರೆ ಪದರ ಹೆಚ್ಚಿದ್ದರೆ 16. ಪ್ರತಿ ಕೌದಿಗೂ ಹೊಸ ಸೂಜಿ. ಹೊಲಿಗೆಯ ಉದ್ದ 3 ಮಿ.ಮೀ. ಕಾಲಿನಿಂದ ತುಳಿಯುವ ಹಳೆಯ ಕಪ್ಪು ಮಷಿನ್ ಇದ್ದರೆ ಅದರಲ್ಲೇ ಹೊಲಿಯಿರಿ. ನೇರ ಗೆರೆಗೆ ಅದು ಗಟ್ಟಿ, ಮಳೆಗಾಲದ ಕರೆಂಟ್ ಕಾಟವೂ ಇಲ್ಲ.

ಮೊದಲ ಗೆರೆ ನಟ್ಟನಡುವೆ. ಅಲ್ಲಿಂದ ಬಲಕ್ಕೆ ಹೋಗುತ್ತಾ ಆ ಅರ್ಧದ ಎಲ್ಲ ಗೆರೆಗಳನ್ನೂ ಒಂದೇ ದಿಕ್ಕಿನಲ್ಲಿ ಹೊಲಿಯಿರಿ. ಒಂದನ್ನು ಮೇಲಿಂದ, ಮುಂದಿನದನ್ನು ಕೆಳಗಿಂದ ಹೊಲಿದರೆ ಪದರ ಓರೆಯಾಗಿ ಎಳೆದು ನಡುವೆ ಸುಕ್ಕು ಬೀಳುತ್ತದೆ. ಆಮೇಲೆ ಕೌದಿಯನ್ನು ತಿರುಗಿಸಿ ಇನ್ನೊಂದು ಅರ್ಧ ಹೊಲಿಯಿರಿ. ಹೀಗೆ ಮಾಡಿದರೆ ಮಷಿನ್‌ನ ತೋಳಿನೊಳಗೆ ಯಾವಾಗಲೂ ಅರ್ಧ ಕೌದಿ ಮಾತ್ರ ಸುರುಳಿಯಾಗಿ ಹೋಗಬೇಕು. ಎಡಗಡೆ ಇನ್ನೊಂದು ಸ್ಟೂಲ್ ಇಟ್ಟು ಭಾರ ಹೊರಿಸಿ. ಕೌದಿ ಟೇಬಲ್‌ನಿಂದ ಜೋತುಬಿದ್ದರೆ ಅದರ ಭಾರ ಸೂಜಿಯನ್ನು ಎಳೆಯುತ್ತದೆ, ಹೊಲಿಗೆ ಚಿಕ್ಕದಾಗುತ್ತದೆ, ಕೊನೆಗೆ ಸೂಜಿ ಮುರಿಯುತ್ತದೆ.

ಮನೆ ಮಷಿನ್‌ನ ತೋಳಿನ ಜಾಗ ಸಾಮಾನ್ಯವಾಗಿ 6ರಿಂದ 7 ಇಂಚು. 60×80ರದ್ದು ಅದರಲ್ಲಿ ತುರುಕಲು ಆಗುತ್ತಿಲ್ಲ ಎನಿಸಿದರೆ ಮೇಲ್ಪದರವನ್ನು ಒಂದು ಜೋಡಣೆಯ ಮೇಲೆ ಬಿಚ್ಚಿ ಎರಡೋ ಮೂರೋ ಭಾಗ ಮಾಡಿ. ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ ಅಸ್ತರು, ಒಳಪದರ ಸೇರಿಸಿ ಹೊಲಿದು, ಅಂಚು ಸರಿಯಾಗಿ ಕತ್ತರಿಸಿ, ಆಮೇಲೆ ಪಟ್ಟಿಯಿಂದ ಕೂಡಿಸಿ. ಮುಂಬದಿಗೆ ಹಾಕುವ ಪಟ್ಟಿ 1⅛ ಇಂಚು ಅಗಲ. ಹಿಂಬದಿಯ ಪಟ್ಟಿ 1¾ ಇಂಚು, ಉದ್ದಕ್ಕೆ ಮಡಚಿದ್ದು. ಮೊದಲ ಭಾಗದ ಮುಂದೆ ಒಂದು ಪಟ್ಟಿಯನ್ನು ಹೊರಮೈಗೆ ಹೊರಮೈ ತಾಗುವಂತೆ, ಹಿಂದೆ ಮಡಚಿದ ಪಟ್ಟಿಯನ್ನು, ಕತ್ತರಿಸಿದ ಅಂಚುಗಳೆಲ್ಲ ಒಂದೇ ಸಮ ಇಟ್ಟು ಕಾಲು ಇಂಚಿನಲ್ಲಿ ಒಟ್ಟಿಗೆ ಹೊಲಿಯಿರಿ. ಮುಂಬದಿ ಪಟ್ಟಿಯ ಇನ್ನೊಂದು ಅಂಚನ್ನು ಎರಡನೇ ಭಾಗಕ್ಕೆ ಹೊಲಿಯಿರಿ, ಹಿಂಬದಿಯ ಪಟ್ಟಿ ಸಿಕ್ಕಿಕೊಳ್ಳದಿರಲಿ. ಬಿಡಿಸಿದಾಗ ಎರಡು ಭಾಗದ ಅಂಚು ನಡುವೆ ಒಂದಕ್ಕೊಂದು ತಾಗಿ ಕೂರುತ್ತವೆ. ಹಿಂದಿನ ಮಡಿಕೆ ಹೊಲಿಗೆಯನ್ನು ದಾಟಿ ಒಂದೆರಡು ನೂಲೆಳೆಯಷ್ಟು ಮುಂದೆ ಬರುತ್ತದೆ, ಅದನ್ನು ಕೈಯಲ್ಲಿ ಹೆಮ್ ಮಾಡಿ. ಅಂಚು ಒಂದರ ಮೇಲೊಂದು ಏರಿ ಗುಬಟು ಬಂದರೆ ಕಾಲು ಇಂಚಿನ ಅಳತೆ ತಪ್ಪಿದೆ ಎಂದರ್ಥ.

ಪಿನ್ ಹಾಕಿ ಮಳೆಗಾಲ ಕಳೆದದ್ದು

ಇವತ್ತೇ ಬಿಡಿಸಿ ಪಿನ್ನುಗಳನ್ನು ತೆಗೆಯಿರಿ, ಹೊಲಿಯುವುದು ಯಾವಾಗಲಾದರೂ ಇರಲಿ. ತುಕ್ಕಿನ ಕಲೆ ಇದ್ದರೆ ಕ್ಲೋರಿನ್ ಬ್ಲೀಚ್ ಹಾಕಬೇಡಿ, ಅದು ತುಕ್ಕನ್ನು ಇನ್ನೂ ಗಟ್ಟಿ ಕೂರಿಸುತ್ತದೆ. ಬಿಳಿ ಕಾಟನ್ ಆದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ಬಣ್ಣದ ಬಟ್ಟೆಯಲ್ಲಿ ಇದೇ ನಿಂಬೆರಸ ಬಣ್ಣವನ್ನೂ ತೆಗೆದೀತು, ಅಲ್ಲಿ ಕಲೆಯ ಮೇಲೆ ಒಂದು ತೇಪೆ ಕೂರಿಸುವುದೇ ಲೇಸು. ಬೂಷ್ಟಿನ ವಾಸನೆ ಇದ್ದರೆ ಮನೆ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಬಿಸಿಲಿಗೆ ಎರಡೂ ಮೈ ಹಾಕಿ. ಆಮೇಲೆ ಹೊಲಿಯದ ಭಾಗಕ್ಕೆ ನೂಲಿನ ಕಚ್ಚಾ ಹೊಲಿಗೆ ಹಾಕಿ ಮುಂದುವರಿಸಿ. ಇಡುವಾಗ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಹೊರಗೋಡೆಗೆ ತಾಗಿದ ಬೀರುವಿನ ಕೆಳಗಿನ ಹಲಗೆಯಲ್ಲೂ ಬೇಡ.

ಅರ್ಧ ಕೈಹೊಲಿಗೆಯ ಸೀರೆ ಕೌದಿ

ಇಲ್ಲಿ ಸಾಮಾನು ಎಲ್ಲ ಇದೆ, ಸಮಯದ ಅಂದಾಜು ಮಾತ್ರ ಇಲ್ಲ. ಒಂದು ಗೆರೆ ಹೊಲಿಯಲು ಎಷ್ಟು ನಿಮಿಷ ಬೇಕು ಎಂದು ಗಡಿಯಾರ ಇಟ್ಟು ನೋಡಿ. 80 ಇಂಚಿನ ಗೆರೆಗೆ 40 ನಿಮಿಷ ಎಂದುಕೊಳ್ಳಿ. 1 ಇಂಚಿಗೊಂದು ಗೆರೆಯಾದರೆ 60 ಇಂಚು ಅಗಲಕ್ಕೆ 60 ಗೆರೆ, 4,800 ಇಂಚು, 40 ಗಂಟೆ. 2 ಇಂಚಿಗೊಂದಾದರೆ 30 ಗೆರೆ, 20 ಗಂಟೆ. ದಿನಕ್ಕೆ ಅರ್ಧ ಗಂಟೆ ಹೊಲಿದರೆ 40 ದಿನ. ಗೆರೆಯ ಅಂತರ ನಿಮ್ಮ ಕೈಯಲ್ಲೇ ಇದೆ, ಅಲ್ಲಿ ಹಟ ಬೇಡ.

ಆದರೆ ಒಂದು ಎಚ್ಚರ. ಆಗಿರುವ ಅರ್ಧ ದಟ್ಟವಾಗಿ, ಉಳಿದ ಅರ್ಧ ಬಿಡಿಯಾಗಿ ಹೊಲಿದರೆ ದಟ್ಟ ಭಾಗ ಹೆಚ್ಚು ಕುಗ್ಗಿ, ಬಿಡಿ ಭಾಗ ಉಬ್ಬಿ, ಕೌದಿ ಎಂದೂ ಸಮನಾಗಿ ಕೂರುವುದಿಲ್ಲ. ಒಂದು ಅಂಚಿನಿಂದ 1 ಇಂಚಿನ ಗೆರೆ ಹಾಕುತ್ತ ಬಂದಿದ್ದರೆ, ಎದುರಿನ ಅಂಚಿನಲ್ಲೂ 8–10 ಇಂಚು ಅದೇ ದಟ್ಟಣೆಯಲ್ಲಿ ಹೊಲಿಯಿರಿ. ನಡುವೆ ಉಳಿದ ಜಾಗದಲ್ಲಿ ಅಂತರವನ್ನು ಒಂದೂವರೆ, ಎರಡು, ಎರಡೂವರೆ ಇಂಚು ಎಂದು ಮೆಲ್ಲಗೆ ಅಗಲಿಸಿ. ಬೇಕೆಂದೇ ಮಾಡಿದ ಚೌಕಟ್ಟಿನಂತೆ ಕಾಣುತ್ತದೆ. ನೂಲು ಒಂದು ಮೊಳಕ್ಕಿಂತ ಉದ್ದ ಬೇಡ, ಪದೇಪದೇ ಬಟ್ಟೆಯೊಳಗೆ ಹಾಯ್ದು ಸವೆಯುತ್ತದೆ. ಇದೇ ಮಳೆಗಾಲದ ಕೆಲಸ. ಆಷಾಢದಲ್ಲಿ ಮಡಿಲ ಮೇಲೆ ಹರಡಿಕೊಂಡು ಹೊಲಿಯಲು ಕರೆಂಟೂ ಬೇಡ, ಜಾಗವೂ ಬೇಡ.

ಚೌಕಗಳ ಎರಡು ಚೀಲ

ಪ್ರತಿ ಜೋಡಣೆಯಲ್ಲಿ ⅛ ಇಂಚು ತಪ್ಪಿದರೆ ಹತ್ತು ಜೋಡಣೆಗೆ 1¼ ಇಂಚು ಆಗುತ್ತದೆ. ಅಳತೆ ಹೆಚ್ಚುಕಮ್ಮಿ ಆಗುವುದಕ್ಕೆ ಬಹುತೇಕ ಇದೇ ಕಾರಣ. ಬಿಚ್ಚಿ ಮತ್ತೆ ಹೊಲಿಯಲು ಹೋದರೆ ಎರಡೂ ಚೀಲ ಮತ್ತೆ ಮೂಲೆ ಸೇರುತ್ತವೆ. ಎಲ್ಲವನ್ನೂ ಅಳೆಯಿರಿ. ಚಿಕ್ಕದು 12⅛, ದೊಡ್ಡದು 12⅝ ಇಂಚು ಇದೆ ಎನ್ನೋಣ. ಪ್ರತಿ ಚೌಕದ ನಾಲ್ಕೂ ಬದಿಗೆ ಒಂದೂವರೆ ಇಂಚಿನ ಒಂದೇ ಬಣ್ಣದ ಪಟ್ಟಿ ಹೊಲಿಯಿರಿ. ಈಗ ಚಿಕ್ಕದು 14⅛, ದೊಡ್ಡದು 14⅝ ಆಗಿರುತ್ತದೆ. ಎಲ್ಲವನ್ನೂ ಚೌಕದ ನಡುವಿನಿಂದ ಅಳೆದು 14ಕ್ಕೆ ಕತ್ತರಿಸಿ. ಹೆಚ್ಚುಕಮ್ಮಿ ಎಲ್ಲ ಪಟ್ಟಿಯಲ್ಲಿ ಅಡಗುತ್ತದೆ, ಒಳಗಿನ ನಕ್ಷತ್ರದ ತುದಿ, ತ್ರಿಕೋನದ ಮೊನೆ ಯಾವುದೂ ಹೋಗುವುದಿಲ್ಲ.

ಎರಡು ಚೀಲವೂ ದೊಡ್ಡ ಕೌದಿಯೇ ಆಗಬೇಕೆಂದಿಲ್ಲ. ಹೀಗೆ ಮಾಡಿದ ಆರು ಚೌಕಗಳನ್ನು ಎರಡರಂತೆ ಮೂರು ಸಾಲು ಜೋಡಿಸಿದರೆ 27½×41 ಇಂಚು, ಕೂಸನ್ನು ಆಡಲು ಬಿಡುವಾಗ ಕೆಳಗೆ ಹಾಸಲು ತಕ್ಕ ಅಳತೆ. ನೆಂಟರಲ್ಲಿ ಬಾಣಂತನ ಬರುವುದಿದ್ದರೆ ಅದೇ ಗಡುವಾಗುತ್ತದೆ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಕೌದಿ ಹೊದಿಸಲೂ ಬಾರದು, ಕೆಳಗೆ ಹಾಸಲೂ ಬಾರದು, ಎಚ್ಚರವಾಗಿ ಆಡುವಾಗ ಮಾತ್ರ ಬಳಸಿ.

ಯಾವುದಾದರೂ ಒಂದನ್ನು ಬಿಡಲೇಬೇಕೆಂದರೆ ಬಣ್ಣ ಬಿಡುವುದನ್ನು ಬಿಡಿ. ಗಾಢ ಕೆಂಪು, ನೀಲಿ, ಕಡು ಕಂದು ತೇಪೆಗಳ ಮೇಲೆ ಒದ್ದೆ ಬಿಳಿ ಬಟ್ಟೆಯಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ತೇಪೆ ಬಿಚ್ಚಿ ಬದಲಾಯಿಸಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನಂಬಬೇಡಿ. ಅಂಥ ತೇಪೆ ತುಂಬಾ ಇದ್ದು ಬಿಚ್ಚುವುದೇ ಕೆಲಸವಾದರೆ, ಒಳ್ಳೆಯ ಚೌಕಗಳನ್ನು ಉಳಿಸಿ ಉಳಿದದ್ದನ್ನು ಒರಸುಬಟ್ಟೆ ಮಾಡಿ. ಅದರಲ್ಲಿ ಸೋಲೇನಿಲ್ಲ.

ಹೊಸದರ ಆಸೆ

ಹೊಸದನ್ನು ಪೂರ್ತಿ ನಿಲ್ಲಿಸಿ ಎಂದು ಹೇಳುವುದಿಲ್ಲ. ಬಣ್ಣ ಹೊಂದಿಸುವುದು ಈ ಕೆಲಸದ ಜೀವ, ಅದನ್ನು ಕಟ್ಟಿಹಾಕಿದರೆ ಹಳೆಯದರ ಮೇಲೂ ಮನಸ್ಸು ಹೋಗುವುದಿಲ್ಲ. ಬದಲಿಗೆ ಹಂತಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ: ಜೋಡಣೆಯಲ್ಲಿ ಒಂದು, ಪದರ ಕೂಡಿಸಿ ಹೊಲಿಯುವುದರಲ್ಲಿ ಒಂದು, ಅಂಚುಪಟ್ಟಿಯಲ್ಲಿ ಒಂದು. ದಣಿದ ಸಂಜೆ ಅಂಚಿನ ಹೆಮ್ಮಿಂಗ್, ಭಾನುವಾರ ಮಷಿನ್, ತಲೆ ಚುರುಕಾಗಿದ್ದಾಗ ಬಣ್ಣ. ಜೋಡಣೆಯಲ್ಲಿರುವುದು ಹೊಲಿಗೆಗೆ ದಾಟಿದಾಗಲೇ ಆ ಜಾಗಕ್ಕೆ ಹೊಸದು ಬರಲಿ. ಅಂಗಡಿಯಲ್ಲಿ ಬಟ್ಟೆ ಬಿಟ್ಟುಬರಲು ಆಗದ ದಿನ 12 ಇಂಚಿನ ಒಂದೇ ಚೌಕಕ್ಕೆ ಆಗುವಷ್ಟು, ಅಂದರೆ ಕಾಲು ಮೀಟರ್, ತನ್ನಿ. ಆ ಚೌಕ ಹೊಲಿದ ಮೇಲೂ ಆಸೆ ಉಳಿದರೆ ಉಳಿದದ್ದನ್ನು ನೋಡೋಣ.

ಹಾಗೆ ಕೊಳ್ಳುವ ದಿನ ಮೇಲ್ಪದರದ ಬಟ್ಟೆಯ ಜತೆಗೇ ಅಸ್ತರು, ಒಳಪದರ, ಅಂಚುಪಟ್ಟಿಯ 60 ಸೆಂ.ಮೀ., ಅದೇ ಬಣ್ಣದ ನೂಲಿನ ಉಂಡೆ, ಒಂದು ಪ್ಯಾಕೆಟ್ ಸೂಜಿ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ತನ್ನಿ. ಒಟ್ಟು ಮೊತ್ತ ನೋಡಿ ಕೈ ಹಿಂದೆ ಬಂದರೆ ಬರಲಿ. ಆರು ತಿಂಗಳ ನಂತರ ಅದೇ ಅಂಗಡಿಯಲ್ಲಿ ಅದೇ ಹಸಿರು ಸಿಗುವುದಿಲ್ಲ, ನಿಮ್ಮ ಮೂರು ಮೇಲ್ಪದರಗಳಲ್ಲಿ ಒಂದಾದರೂ ನಿಂತಿರುವುದು ಈ ಕಾರಣಕ್ಕೇ ಇರಬೇಕು. ಅದಕ್ಕೆ ಹೊಂದುವ ಬಣ್ಣ ಹುಡುಕುತ್ತ ಇನ್ನೊಂದು ವರ್ಷ ಕಾಯಬೇಡಿ. ಅಂಚಿಗೆ ಕಡು ನೀಲಿಯೋ ಬೂದಿಯೋ ಹಾಕಿ, ಯಾವ ತೇಪೆಗೂ ಎದ್ದುಕಾಣುವಂತೆ ವಿರೋಧವಾಗುವುದಿಲ್ಲ.